ಮುಖ ಕಂಡಿತು, ಜಾತಿ ಕಾಣಲಿಲ್ಲ

ನಮ್ಮ ಪತ್ರಿಕೆಗಳಲ್ಲಿ ಒಂದು ಸುದ್ದಿ ಎಷ್ಟೋ ವರ್ಷಗಳಿಂದ ಒಂದೇ ಅಚ್ಚಿನಲ್ಲಿ ಬರುತ್ತಿದೆ. ‘ವೇಶ್ಯಾವಾಟಿಕೆ ಅಡ್ಡೆ ಮೇಲೆ ದಾಳಿ, ಮಹಿಳೆಯರ ರಕ್ಷಣೆ’ ಅಂತ ತಲೆಬರಹ. ಪಕ್ಕದಲ್ಲಿ ಫೋಟೊ. ಸೆರಗನ್ನೋ ದುಪಟ್ಟಾವನ್ನೋ ಮುಖದ ಮೇಲೆಳೆದುಕೊಂಡು ಗೋಡೆಗೆ ತಿರುಗಿ ನಿಂತ ಹೆಂಗಸರು, ಹಿಂದೆ ಎದೆಯುಬ್ಬಿಸಿ ನಿಂತ ಪೊಲೀಸರು. ರಕ್ಷಣೆಯಾಗಿದ್ದರೆ ಅವರು ಮುಖ ಮುಚ್ಚಿಕೊಂಡದ್ದು ಯಾರಿಗೆ ಹೆದರಿ? ಎದುರಿಗಿದ್ದದ್ದು ಕ್ಯಾಮೆರಾ. ಅಡ್ಡೆಗೆ ಬಂದಿದ್ದ ಗಿರಾಕಿಯ ಮುಖ ಮಾತ್ರ ಆ ಚಿತ್ರದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಈ ಚಿತ್ರಕ್ಕೊಂದು ಚರಿತ್ರೆ ಇದೆ. ಮೈಮಾರಿ ಬದುಕುವ ಹೆಂಗಸಿನ ಮುಖವನ್ನು ಲೋಕಕ್ಕೆ ತೋರಿಸುವುದು, ಆಕೆ ಅಲ್ಲಿಗೆ ಬಂದು ನಿಲ್ಲಲು ಕಾರಣವಾದ ಜಾತಿಯನ್ನು ಮರೆಮಾಡುವುದು. ಇವೆರಡೂ ಜೊತೆಜೊತೆಗೇ ನಡೆದುಕೊಂಡು ಬಂದಿವೆ. ದಲಿತ ವಿಮರ್ಶೆ ಈ ಸುದ್ದಿಗಳನ್ನು ಓದಬೇಕಾದ್ದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಕನ್ನಡದಲ್ಲಿ ಈ ಹೆಂಗಸು ತಾನೇ ಮಾತಾಡಿದ್ದಕ್ಕೆ 12ನೇ ಶತಮಾನದ ಸಾಕ್ಷಿ ಇದೆ. ಸೂಳೆ ಸಂಕವ್ವೆ ಎಂಬ ವಚನಕಾರ್ತಿಯ ಒಂದೇ ಒಂದು ವಚನ ಉಳಿದಿದೆ. ಆಕೆಯ ಅಂಕಿತ ನಿರ್ಲಜ್ಜೇಶ್ವರ. ನಾಚಿಕೆಪಡಬೇಕೆಂದು ಊರೇ ಬಯಸಿದ ಹೆಂಗಸು ನಾಚಿಕೆಯಿಲ್ಲದ ಈಶ್ವರನನ್ನು ಆರಿಸಿಕೊಂಡಳು. ಅಚ್ಚುಯಂತ್ರ ಬಂದ ಮೇಲೆ ಈ ಧೈರ್ಯಕ್ಕೆ ಬೇರೆಯೇ ಬೆಲೆ ಕಟ್ಟಬೇಕಾಯಿತು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಸಂಪಾದಿಸಿ ಪ್ರಕಟಿಸಿದರು. ಸುಧಾರಕ ಕಂದುಕೂರಿ ವೀರೇಶಲಿಂಗಂ ಆ ಕವಯಿತ್ರಿಯನ್ನು ವೇಶ್ಯೆಯೆಂದು ಜರಿದದ್ದಕ್ಕೆ ಪೀಠಿಕೆಯಲ್ಲೇ ಉತ್ತರ ಕೊಟ್ಟರು. ಮರುವರ್ಷ ಪೊಲೀಸರು ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡರು. ನಿಷೇಧ ತೆರವಾಗಲು 1940ರ ದಶಕ ಮುಗಿಯುತ್ತ ಬರಬೇಕಾಯಿತು.

ನಾಗರತ್ನಮ್ಮನವರಿಗೆ ಸಂಗೀತವಿತ್ತು, ಅಕ್ಷರವಿತ್ತು, ಆಸ್ತಿಯಿತ್ತು. ಬೈದವರಿಗೆ ಅಚ್ಚಿನಲ್ಲೇ ಉತ್ತರ ಕೊಡಬಲ್ಲವರಾಗಿದ್ದರು. ಸವದತ್ತಿ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡ ಮಾದಿಗರ, ಹೊಲೆಯರ, ಸಮಗಾರರ ಹುಡುಗಿಗೆ ಇದಾವುದೂ ಇರಲಿಲ್ಲ. ದೇವದಾಸಿ ಎಂಬ ಒಂದೇ ಪದದಲ್ಲಿ ಈ ಇಬ್ಬರನ್ನೂ ಕಟ್ಟಿಹಾಕಿ ಬರೆಯುವುದು ಪತ್ರಿಕೆಯ ಮೊದಲ ಮೋಸ. ಎರಡನೆಯದು, ದೇವದಾಸಿ ಅಂದ ಕೂಡಲೇ ಸೂಳೆಗಾರಿಕೆ ಅಂತ ಓದಿಬಿಡುವುದು. ಮುತ್ತು ಕಟ್ಟಿಸಿಕೊಂಡ ಎಷ್ಟೋ ಹೆಂಗಸರು ಒಬ್ಬನೇ ಗಂಡಸಿನ ಜೊತೆ ವರ್ಷಗಟ್ಟಲೆ ಬಾಳಿದ್ದಾರೆ, ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದ್ದಾರೆ. ಒಂದಷ್ಟು ಜನ ಸಾಂಗ್ಲಿ, ಪುಣೆ, ಮುಂಬಯಿಯ ಗಲ್ಲಿಗಳಿಗೆ ಹೋಗಿದ್ದಾರೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ಮಗನ ಸ್ಥಾನದಲ್ಲಿ ನಿಂತು ಮನೆ ನಡೆಸುತ್ತಾಳೆ ಎಂಬ ಸಂಗತಿ ಉತ್ತರ ಕರ್ನಾಟಕದ ಕೇರಿಗಳಲ್ಲಿ ಎಲ್ಲರಿಗೂ ಗೊತ್ತು. ಸುದ್ದಿಯಲ್ಲಿ ಅದು ಅಪರೂಪ.

ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದು. ಆಮೇಲೆ ಭಾರತ ಹುಣ್ಣಿಮೆ ಬಂತೆಂದರೆ ವರದಿಗಾರರು ಗುಡ್ಡ ಹತ್ತುವುದೂ ಒಂದು ಜಾತ್ರೆಯಾಯಿತು. ಭಂಡಾರ, ಬೇವಿನ ಸೊಪ್ಪು, ತಲೆಯ ಮೇಲೆ ಕೊಡ ಹೊತ್ತ ಜೋಗತಿ, ಇಷ್ಟಿದ್ದರೆ ಪುಟ ತುಂಬಿತು. ‘ಅನಿಷ್ಟ ಪದ್ಧತಿ’, ‘ಮೂಢನಂಬಿಕೆ’ ಎಂಬ ಎರಡು ಪದಗಳಲ್ಲಿ ವಿವರಣೆಯೂ ಮುಗಿಯಿತು. ಬಿಟ್ಟವರು ಯಾರು, ಯಾವ ದೇವರಿಗೆ ಅಂತ ಕೇಳಿದರು. ಅವ್ವ ಅಪ್ಪ ಯಾರ ಹೊಲದಲ್ಲಿ ದುಡಿಯುತ್ತಿದ್ದರು, ಸಾಲ ಯಾರದು, ಮೊದಲ ರಾತ್ರಿ ಬಂದವನು ಯಾರು ಅಂತ ಕೇಳಲಿಲ್ಲ. ಎಲ್ಲಾ ತಪ್ಪನ್ನೂ ಎಲ್ಲಮ್ಮನ ಮೇಲೆ ಹಾಕಿದರೆ ಊರ ಗೌಡನಿಗೆ ತೊಂದರೆಯಿಲ್ಲ, ಪತ್ರಿಕೆಗೂ ಇಲ್ಲ. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46 ಸಾವಿರಕ್ಕೂ ಹೆಚ್ಚು ಮಾಜಿ ದೇವದಾಸಿಯರನ್ನು ಗುರುತಿಸಿದವು. ಅವರಲ್ಲಿ ಬಹುಪಾಲು ದಲಿತರು. ಇದನ್ನು ನಂಬಿಕೆಯ ಕತೆಯಾಗಿ ಬರೆಯಬೇಕಾದರೆ ಜಾತಿಯನ್ನು ನೋಡದೆ ಇರಲು ಸಾಕಷ್ಟು ಕಷ್ಟಪಡಬೇಕು.

ಇಲ್ಲಿ ನಾವು ನಮ್ಮವರನ್ನೂ ಕೇಳಿಕೊಳ್ಳಬೇಕು. 1936ರ ಜೂನ್‌ನಲ್ಲಿ ಮುಂಬಯಿಯ ಪರೇಲಿನ ದಾಮೋದರ ಹಾಲ್‌ನಲ್ಲಿ ಬಾಬಾಸಾಹೇಬರು ಕಾಮಾಟಿಪುರದ ಹೆಂಗಸರನ್ನು, ಮುರಳಿಯರನ್ನು, ಜೋಗತಿಯರನ್ನು, ದೇವದಾಸಿಯರನ್ನು ಕುರಿತು ಮಾತಾಡಿದರು. ಈ ಬದುಕು ಸಮುದಾಯಕ್ಕೇ ಅವಮಾನ, ನಮ್ಮ ಜೊತೆ ಬರುವುದಾದರೆ ಬಿಟ್ಟು ಬನ್ನಿ ಅಂದರು. ಆ ಮಾತು ಬಿರುಸಾದದ್ದು. ಇವತ್ತು ಈ ವೃತ್ತಿಯಲ್ಲಿರುವ ಹೆಂಗಸರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ, ಒಪ್ಪಲೇಬೇಕೆಂದು ನಾವು ಒತ್ತಾಯ ಮಾಡಲಾಗದು. ಆದರೆ ಅವರು ಮತಾಂತರದ ಚಳವಳಿಗೆ ಕರೆಯುತ್ತ ಆ ಹೆಂಗಸರ ಎದುರಿಗೇ ನಿಂತು ಮಾತಾಡಿದರು, ಜಾತಿ ಏನು ಮಾಡಿದೆ ಅಂತ ತಿಳಿದು ಮಾತಾಡಿದರು. ನಂತರದ ನಾವು, ದಲಿತ ಗಂಡಸು ಲೇಖಕರು, ಆಕೆಯನ್ನು ಶೋಷಣೆಯ ಉಪಮೆ ಮಾಡಿಕೊಂಡು ಪದ್ಯ ಬರೆದೆವು. ನಾಮದೇವ ಢಸಾಳ್ ಹಾಗೆ ಆ ಗಲ್ಲಿಯಲ್ಲೇ ಬೆಳೆದು ಬರೆದವರು ಕಡಿಮೆ. ಉಪಮೆಗೆ ಬಾಯಿ ಇರುವುದಿಲ್ಲ.

ಬಾಯಿ ಬಂದದ್ದು ಸಾಂಗ್ಲಿಯಲ್ಲಿ. 1990ರ ದಶಕದಲ್ಲಿ ಏಡ್ಸ್ ಸುದ್ದಿಯಾದಾಗ ಪತ್ರಿಕೆಗಳಿಗೆ ಈ ಹೆಂಗಸು ರೋಗ ಹಂಚುವವಳಾದಳು. ಅದೇ ಕಾಲದಲ್ಲಿ ಸಾಂಗ್ಲಿಯ ಹೆಂಗಸರು ಕಾಂಡೋಮ್ ಹಂಚುತ್ತ, 1996ರಲ್ಲಿ ‘ವ್ಯಾಂಪ್’ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಅವರಲ್ಲಿ ಅನೇಕರು ಬೆಳಗಾವಿ, ಬಾಗಲಕೋಟೆ ಕಡೆಯಿಂದ ಹೋದ ಕನ್ನಡದ ಹೆಣ್ಣುಮಕ್ಕಳು. 2010ರಲ್ಲಿ ವೈಸ್ ಎಂಬ ವಿದೇಶಿ ಮಾಧ್ಯಮ ಸಂಸ್ಥೆ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರ ಬಿಟ್ಟಿತು. ಅದನ್ನು ನೋಡಿದ ಈ ಹೆಂಗಸರು ಸುಮ್ಮನೆ ಕೂರಲಿಲ್ಲ. ತಾವೇ ಕ್ಯಾಮೆರಾ ಮುಂದೆ ಕೂತು ಉತ್ತರದ ವಿಡಿಯೊ ಮಾಡಿದರು. ನಂಬಿ ಮನೆಯೊಳಗೆ ಬಿಟ್ಟುಕೊಂಡದ್ದಕ್ಕೆ ನಮ್ಮ ದೇವಿಯನ್ನೂ ನಮ್ಮ ಬದುಕನ್ನೂ ಹೀಗೆ ತೋರಿಸುವುದಾ ಎಂಬುದು ಅವರ ತಕರಾರು. ನಾಗರತ್ನಮ್ಮನವರ ಪೀಠಿಕೆಗೂ ಈ ಉತ್ತರಕ್ಕೂ ನಡುವೆ ನೂರು ವರ್ಷ. ದಲಿತ ಹೆಣ್ಣಿಗೆ ಅಷ್ಟು ತಡವಾಯಿತು.

2022ರ ಮೇ 19ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಲ್ಲಿ ಈ ಫೋಟೊದ ವಿಷಯವೂ ಬಂತು. ಬಂಧನ, ದಾಳಿ, ರಕ್ಷಣೆಯ ಸಂದರ್ಭದಲ್ಲಿ ಲೈಂಗಿಕ ಕಾರ್ಯಕರ್ತೆಯರ ಗುರುತು ಹೊರಬೀಳದಂತೆ ಮಾಧ್ಯಮಗಳಿಗೆ ಮಾರ್ಗಸೂಚಿ ಕೊಡಿ ಅಂತ ಪತ್ರಿಕಾ ಮಂಡಳಿಗೆ ಕೋರ್ಟು ಹೇಳಿತು. ಸ್ವಂತ ಇಚ್ಛೆಯಿಂದ ಈ ಕೆಲಸ ಮಾಡುವುದು ಅಪರಾಧವಲ್ಲ, ಅಡ್ಡೆ ನಡೆಸುವುದು ಅಪರಾಧ, ದಾಳಿಯಲ್ಲಿ ಅಂಥ ಹೆಂಗಸರನ್ನು ಬಂಧಿಸಬಾರದು ಎಂಬ ಸಮಿತಿಯ ಶಿಫಾರಸೂ ಆ ಆದೇಶದಲ್ಲಿತ್ತು. 1956ರ ಕಾನೂನು ಕೂಡ ಮೈಮಾರುವುದನ್ನೇ ಅಪರಾಧವೆಂದು ಕರೆದಿರಲಿಲ್ಲ. ಸುದ್ದಿಮನೆಗಳು ಅದನ್ನು ಓದುವ ಗೋಜಿಗೆ ಹೋದದ್ದು ಕಡಿಮೆ.

ಈಗ ಮುಖ ಮಸುಕು ಮಾಡಿ ಹಾಕುತ್ತಾರೆ. ಅದು ಬೇಕು, ಅದರಿಂದ ಒಬ್ಬಳ ಮಗು ನಾಳೆ ಶಾಲೆಗೆ ತಲೆಯೆತ್ತಿ ಹೋಗಬಹುದು. ಆದರೆ ಮಸುಕು ಮಾಡಿದ್ದೇ ನ್ಯಾಯ ಮಾಡಿದಂತೆ ಅಂತ ಪತ್ರಿಕೆಯವರು ತಿಳಿಯಬಾರದು. ಒಬ್ಬೊಬ್ಬಳ ಗುರುತು ಕಾಪಾಡಿ, ಒಟ್ಟು ಲೆಕ್ಕದಲ್ಲಿ ಜಾತಿಯನ್ನು ಬರೆಯಿರಿ. ಆಕೆಯ ಊರಿನಲ್ಲಿ ಭೂಮಿ ಯಾರದು ಅಂತ ಬರೆಯಿರಿ. ‘ರಕ್ಷಣೆ’ಯಾದ ಆರು ತಿಂಗಳಿಗೆ ಆಕೆ ಎಲ್ಲಿದ್ದಾಳೆ, ಹೊಟ್ಟೆಗೇನು ಮಾಡಿಕೊಂಡಿದ್ದಾಳೆ ಅಂತ ಹೋಗಿ ಕೇಳಿರಿ. ಆಕೆ ಮಾತಾಡಲು ಒಪ್ಪಿದರೆ ಆ ಮಾತನ್ನು ತಿದ್ದದೆ ಹಾಕಿರಿ. ನಮ್ಮ ಚಳವಳಿಯ ವೇದಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಆಕೆಯ ಬಗ್ಗೆ ಭಾಷಣಗಳಾಗಿವೆ, ಆಕೆಗೆ ಮೈಕು ಕೊಟ್ಟದ್ದು ಬಹಳ ಕಡಿಮೆ.