ಗಣಿ ಮುಚ್ಚಿದ ಮೇಲೂ ನುಡಿದ ವಾದ್ಯ

ಬ್ಯಾಂಡ್ ಎಂದೊಡನೆ ನಮ್ಮ ನೆನಪಿಗೆ ಬರುವುದು ಮದುವೆಯ ಮೆರವಣಿಗೆ, ಇಲ್ಲವೇ ಮೈಸೂರು ದಸರೆಯ ಪೊಲೀಸ್ ವಾದ್ಯವೃಂದ. ಒಂದು ಬಾಡಿಗೆಗೆ ಬರುವಂಥದು, ಇನ್ನೊಂದು ಸರ್ಕಾರದ್ದು. ಈ ಎರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ದುಡಿಯುವ ಜನ ತಾವೇ ಕೂಡಿ ಕಟ್ಟಿಕೊಂಡ ಬ್ಯಾಂಡ್ ಅದು. ಅಂಥದೊಂದರ ಕಥೆಯನ್ನು ಇಂದು ಹೇಳಬಯಸುತ್ತೇನೆ. ಅದು ಇಂಗ್ಲೆಂಡಿನ ದಕ್ಷಿಣ ಯಾರ್ಕ್‌ಷೈರಿನಲ್ಲಿ, ಬಾರ್ನ್ಸ್‌ಲಿ ಪಟ್ಟಣದ ಬಳಿಯಿರುವ ಗ್ರೈಮ್‌ಥಾರ್ಪ್ ಎಂಬ ಕಲ್ಲಿದ್ದಲು ಗಣಿಹಳ್ಳಿಯ ಬ್ಯಾಂಡ್. ಹಿತ್ತಾಳೆಯೆಂದರೆ ಅಬ್ಬರವೆಂದೇ ತಿಳಿದಿದ್ದ ನನಗೆ, ಅದರ ಧ್ವನಿಮುದ್ರಿಕೆಯನ್ನು ಮೊದಲ ಸಲ ಕೇಳಿದಾಗ ಆ ನಾದದ ಮಾರ್ದವ ಬೆರಗು ಹುಟ್ಟಿಸಿತ್ತು.

ಈ ಸಂಪ್ರದಾಯ ಹತ್ತೊಂಬತ್ತನೆಯ ಶತಮಾನದ ಕೂಸು. ಊದುವ ಕೊಳವೆಗೆ ಕವಾಟಗಳನ್ನು ಅಳವಡಿಸುವ ವಿದ್ಯೆ 1810ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡಿತು. ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1840ರ ದಶಕದಲ್ಲಿ ಒಂದೇ ಕುಟುಂಬದ ಅಣ್ಣತಮ್ಮಂದಿರಂತಿರುವ ಹಿರಿಕಿರಿಯ ವಾದ್ಯಗಳ ಸಾಲನ್ನೇ ರಚಿಸಿದ. ಅವುಗಳಲ್ಲಿ ಹೆಚ್ಚಿನವಕ್ಕೆ ಮೂರೇ ಕವಾಟ, ಮೂರೇ ಬೆರಳಿನ ಕೆಲಸ. ಪಿಟೀಲಿಗೆ ಬೇಕಾದ ನವುರು ಬೆರಳು ಇಲ್ಲಿ ಬೇಡ; ಗುದ್ದಲಿ ಹಿಡಿದು ಜಡ್ಡುಗಟ್ಟಿದ ಕೈಯೂ ಸಾಕು. ಬಹುಮಟ್ಟಿಗೆ ಎಲ್ಲ ವಾದ್ಯಗಳಿಗೂ ಸ್ವರಲಿಪಿಯನ್ನು ಒಂದೇ ಕ್ರಮದಲ್ಲಿ ಬರೆಯುವ ವಾಡಿಕೆ ಬೆಳೆದುದರಿಂದ, ಕಾರ್ನೆಟ್ ಕಲಿತವನು ನಾಳೆ ಯೂಫೋನಿಯಂ ಹಿಡಿಯಬಹುದಾಗಿತ್ತು. ಒಬ್ಬ ಬಿಟ್ಟುಹೋದರೆ ಇನ್ನೊಬ್ಬ ಆ ಜಾಗಕ್ಕೆ ಸರಿಯುತ್ತಿದ್ದ. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ದೊಡ್ಡ ಸ್ಪರ್ಧೆ ಆರಂಭವಾಯಿತು. ಗಿರಣಿಗೊಂದು, ಗಣಿಗೊಂದು ಬ್ಯಾಂಡ್ ಹುಟ್ಟಿಕೊಂಡವು. ಮಾಲೀಕರು ಧನಸಹಾಯ ಮಾಡಿದ್ದೂ ಉಂಟು, ಕಾರ್ಮಿಕರು ಕೂಲಿಯಿಂದ ಕಾಸು ಕೂಡಿಸಿದ್ದೂ ಉಂಟು.

ಗಣಿಯ ಜನಕ್ಕೆ ಈ ಸಂಗೀತ ಬರಿಯ ವಿನೋದವಾಗಿರಲಿಲ್ಲ. 1934ರ ಸೆಪ್ಟೆಂಬರ್ 22ರಂದು ವೇಲ್ಸಿನ ಗ್ರೆಸ್‌ಫರ್ಡ್ ಗಣಿಯಲ್ಲಿ ನಡೆದ ಸ್ಫೋಟ ಒಟ್ಟು 266 ಜೀವಗಳನ್ನು ಬಲಿ ತೆಗೆದುಕೊಂಡಿತು. ಹೆಚ್ಚಿನವರ ದೇಹಗಳೂ ಮೇಲಕ್ಕೆ ಬರಲಿಲ್ಲ. ಅವರ ನೆನಪಿಗಾಗಿ, ಸ್ವತಃ ಗಣಿಯಲ್ಲಿ ದುಡಿದಿದ್ದ ರಾಬರ್ಟ್ ಸೇಂಟ್ ಎಂಬಾತ ಒಂದು ಸ್ತೋತ್ರದ ಧಾಟಿಯನ್ನು ರಚಿಸಿದ. ‘ಗ್ರೆಸ್‌ಫರ್ಡ್’ ಎಂಬ ಆ ಕೃತಿಯಲ್ಲಿ ಅವನು ಮಾತನ್ನೇ ಇಡಲಿಲ್ಲ. ಮಾತಿಗೆ ನಿಲುಕದ್ದನ್ನು ಉಸಿರಿಗೆ ಒಪ್ಪಿಸಿದನೆನ್ನಬೇಕು. ಗಣಿಗಾರರ ಕೂಟಗಳಲ್ಲಿ ಇಂದಿಗೂ ಬ್ಯಾಂಡುಗಳು ಅದನ್ನು ನುಡಿಸುತ್ತವೆ.

ಗ್ರೈಮ್‌ಥಾರ್ಪಿನ ಬ್ಯಾಂಡ್ ಹುಟ್ಟಿದ್ದು 1917ರಲ್ಲಿ, ಮಹಾಯುದ್ಧದ ನಡುವೆ. ನೆಲದಡಿಯಲ್ಲಿ ಪಾಳಿ ಮುಗಿಸಿ ಬಂದವರು ಮಸಿ ತೊಳೆದುಕೊಂಡು ಅಭ್ಯಾಸಕ್ಕೆ ಕೂರುತ್ತಿದ್ದರು. ಹಗಲೆಲ್ಲ ಕಲ್ಲಿದ್ದಲ ಧೂಳು ಕುಡಿದ ಶ್ವಾಸಕೋಶವೇ ಸಂಜೆ ಸ್ವರ ಹಿಡಿಯಬೇಕು! 1970ರಲ್ಲಿ ಅವರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1973ರಲ್ಲಿ ಹ್ಯಾರಿಸನ್ ಬರ್ಟ್‌ವಿಸಲ್, ಆ ಕಾಲದ ಅತ್ಯಂತ ಕಠಿಣ ಸಂಗೀತರಚನಕಾರರಲ್ಲೊಬ್ಬ, ‘ಗ್ರೈಮ್‌ಥಾರ್ಪ್ ಏರಿಯಾ’ ಎಂಬ ಕೃತಿಯನ್ನು ಇವರಿಗಾಗಿಯೇ ಬರೆದ. ನಗರದ ವಿದ್ವತ್ಸಭೆ ಹಳ್ಳಿಯ ಬಾಗಿಲಿಗೆ ತಾನೇ ನಡೆದುಬಂದಂತಾಯಿತು.

ಆಮೇಲಿನದು ಇಳಿಗಾಲ. ಗಣಿಗಳ ಮುಚ್ಚುಗಡೆಯನ್ನು ವಿರೋಧಿಸಿ 1984ರ ಮಾರ್ಚಿನಿಂದ ಒಂದು ವರ್ಷ ನಡೆದ ಮುಷ್ಕರ ಸೋಲಿನಲ್ಲಿ ಕೊನೆಗೊಂಡಿತು. 1992ರ ಅಕ್ಟೋಬರ್ 13ರಂದು ಸರ್ಕಾರ ಇನ್ನೂ 31 ಗಣಿಗಳನ್ನು ಮುಚ್ಚುವುದಾಗಿ ಸಾರಿತು. ಸುಮಾರು 30,000 ಜನರ ಕೆಲಸ ಹೋಗುವುದಿತ್ತು. ಪಟ್ಟಿಯಲ್ಲಿ ಗ್ರೈಮ್‌ಥಾರ್ಪ್ ಸಹ ಇತ್ತು. ಅದಾದ ನಾಲ್ಕೇ ದಿನಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಷ್ಟ್ರೀಯ ಸ್ಪರ್ಧೆ. ಅನ್ನ ಹೋಗುವ ಸುದ್ದಿ ಹೊತ್ತ ಊರಿನ ಬ್ಯಾಂಡ್ ಅಲ್ಲಿ ನುಡಿಸಿತು, ಗೆದ್ದಿತು.

ಇಂಥ ಕಡೆ ಕಥೆ ಹೇಳುವವನಿಗೆ ಒಂದು ಆಸೆ ಹುಟ್ಟುತ್ತದೆ: ನಾದ ಗೆದ್ದಿತು, ಎಲ್ಲ ಸುಖಾಂತವಾಯಿತು ಎಂದುಬಿಡುವ ಆಸೆ. ಹಾಗಾಗಲಿಲ್ಲ. 1993ರ ಮೇ ತಿಂಗಳಲ್ಲಿ ಗಣಿ ಮುಚ್ಚಿತು. ಮರುವರ್ಷವೇ ಆ ಹಳ್ಳಿ ದೇಶದ ಕಡುಬಡ ಊರುಗಳ ಸಾಲಿಗೆ ಸೇರಿದೆಯೆಂದು ಯುರೋಪಿಯನ್ ಒಕ್ಕೂಟದ ಅಧ್ಯಯನ ಗುರುತಿಸಿತು. ಪ್ರಶಸ್ತಿಯ ಬಟ್ಟಲಿನಿಂದ ಯಾರ ಮನೆಯ ಒಲೆಯೂ ಉರಿಯಲಿಲ್ಲ. 1996ರಲ್ಲಿ ಈ ವೃತ್ತಾಂತದ ನೆರಳಿನಲ್ಲಿ ‘ಬ್ರಾಸ್ಡ್ ಆಫ್’ ಎಂಬ ಚಲನಚಿತ್ರ ಬಂದಿತು. ಅದರ ಸಂಗೀತವನ್ನು ನುಡಿಸಿದವರು ಇವರೇ. ಊರಿನ ದುಃಖ ಲೋಕಕ್ಕೆ ತಿಳಿಯಿತು, ಗಣಿ ಮಾತ್ರ ಮರಳಲಿಲ್ಲ.

ಆದರೆ ಬ್ಯಾಂಡ್ ಉಳಿಯಿತು. 2006ರಲ್ಲಿ, ಮತ್ತೆ 2007ರಲ್ಲಿ ಅದು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅಷ್ಟು ಹೊತ್ತಿಗೆ ಅದರಲ್ಲಿ ನುಡಿಸುವವರು ಗಣಿಗಾರರಾಗಿರಲಿಲ್ಲ. ಹೆಸರಿನಲ್ಲಿ ಮಾತ್ರ ‘ಕಾಲಿಯರಿ’, ಅಂದರೆ ಗಣಿ, ಎಂಬ ಪದ ನಿಂತಿತ್ತು. ಗಣಿಯಿಲ್ಲದ ಮೇಲೆ ಆ ಹೆಸರೇಕೆ ಎಂದು ಒಮ್ಮೆ ನನಗೂ ಅನಿಸಿತ್ತು. ಈಗ ಹಾಗೆನಿಸುವುದಿಲ್ಲ. ಸತ್ತವರ ಹೆಸರನ್ನು ನಾವು ಮೊಮ್ಮಕ್ಕಳಿಗೆ ಇಡುವುದಿಲ್ಲವೇ? ಆ ಹೆಸರು ಹೋದವರನ್ನು ಮರಳಿ ತಾರದು, ಅವರಿದ್ದರೆಂಬುದನ್ನು ಮರೆಯಗೊಡದು. ಸಂಗೀತ ಒಂದು ಊರಿಗೆ ಅನ್ನ ಕೊಡಲಾರದೆ ಹೋಗಬಹುದು. ಅದರ ಸಾಕ್ಷಿಯಾಗಿ ನಿಲ್ಲಬಲ್ಲದು. ಅದು ಅಲ್ಪವೇ ಅಥವಾ ಅನಲ್ಪವೇ ಎಂಬುದನ್ನು ಆ ಹಳ್ಳಿಯವರೇ ಹೇಳಬೇಕು; ದೂರದಲ್ಲಿ ಕುಳಿತು ಕೇಳುವ ನಾನಲ್ಲ.