ನಮ್ಮ ಕೆರೆಗಳಲ್ಲಿ ಮೀನು ಹಿಡಿಯುವ ಕಾಲಗಳು: ಅಂದು ಮತ್ತು ಇಂದು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಏನಾದರೂ ಬರೆದುಕೊಡಿ ಅಂತ ಸಂಘದ ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಶಾಸನವಲ್ಲ, ಗಣಿಯಲ್ಲ, ಕೆರೆ ಬತ್ತುವ ದಿನದ ಮೀನು. ಕೋಲಾರದ ಚಿನ್ನದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಮೀನಿನ ಬಗ್ಗೆ ಬರೆದವರು ಕಡಿಮೆ. ಸಸ್ಯಾಹಾರಿ ಸದಸ್ಯರು ಬೇಸರ ಮಾಡಿಕೊಳ್ಳಬಾರದು, ಮೀನಿನ ಕಥೆ ಅಂದರೆ ಕೆರೆಯ ಕಥೆಯೇ.

ನಮ್ಮದು ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ. ಪಾಲಾರ್ ಇದೆ, ಆದರೆ ಅದು ಕೆರೆಯಿಂದ ಕೆರೆಗೆ ಇಳಿಯುವ ನದಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ರಾಮಸಾಗರ, ಬೇತಮಂಗಲ ಎಲ್ಲ ಈ ಸರಪಳಿಯವೇ. ಬೇತಮಂಗಲಕ್ಕೆ ಹಳೆಯ ಹೆಸರು ವಿಜಯಾದಿತ್ಯಮಂಗಲ. ಅಲ್ಲಿನ ಕೆರೆ ಒಡೆದು ನೊಳಂಬರ ಕಾಲದಲ್ಲಿ ಒಮ್ಮೆ, ಹೊಯ್ಸಳರ ಕಾಲದಲ್ಲಿ ಇನ್ನೊಮ್ಮೆ ದುರಸ್ತಿಯಾದದ್ದು ಶಾಸನಗಳಲ್ಲಿದೆ. ಅಂದರೆ ಸಾವಿರ ವರ್ಷದಿಂದ ಅಲ್ಲಿ ನೀರು ನಿಲ್ಲುತ್ತಿದೆ. ನೀರಿದ್ದಲ್ಲಿ ಮೀನು ಇದ್ದೇ ಇರುತ್ತದೆ.

ಮೀನಿಗೆ ಗಿರಾಕಿ ಹೆಚ್ಚಿದ್ದು ಗಣಿ ಬಂದ ಮೇಲೆ. ಬೆಂಗಳೂರು–ಜೋಲಾರಪೇಟೆ ರೈಲು 1864ರಲ್ಲಿ ಬಂತು. ಕಮಿಷನರ್ ಬೌರಿಂಗ್ ಹೆಸರಿನಲ್ಲಿ ಬೌರಿಂಗಪೇಟೆ ಆಯಿತು, ಅದೇ ಇವತ್ತಿನ ಬಂಗಾರಪೇಟೆ. 1894ರಲ್ಲಿ ಅಲ್ಲಿಂದ ಗಣಿಗೆ ಕವಲು ದಾರಿ ಹಾಕಿದರು. ಗಣಿಗಳ ಭರ್ಜರಿ ಕಾಲದಲ್ಲಿ ಸಾವಿರಾರು ಕೂಲಿಕಾರರು, ಹೆಚ್ಚಿನವರು ತಮಿಳು ಜಿಲ್ಲೆಗಳಿಂದ ಬಂದವರು, ಲೈನ್‌ ಮನೆಗಳಲ್ಲಿ ತುಂಬಿದರು. ಅವರು ಕುಡಿದದ್ದೂ ಬೇತಮಂಗಲದ ನೀರನ್ನೇ. ಅದಕ್ಕೇ ಒಂದೇ ಮೀನಿಗೆ ನಮ್ಮಲ್ಲಿ ಮೂರು ಹೆಸರು: ಕನ್ನಡದವರಿಗೆ ಕೊರವ, ತೆಲುಗಿನವರಿಗೆ ಕೊರಮೀನು, ತಮಿಳಿನವರಿಗೆ ವಿರಾಲ್. ಹೆಸರು ಮೂರಾದರೂ ಸಾರಿನ ರುಚಿಯಲ್ಲಿ ಜಗಳವಿಲ್ಲ.

ಹಿಂದೆ ಮೀನು ಹಿಡಿಯುವ ಕಾಲ ನಿಶ್ಚಯಿಸುತ್ತಿದ್ದದ್ದು ಮಳೆ. ನಮ್ಮ ಕಡೆ ಮುಂಗಾರಿನ ಮೇಲೆ ಭರವಸೆ ಕಡಿಮೆ, ಕೆರೆ ತುಂಬಿಸುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳು, ಅಂದರೆ ಸೆಪ್ಟೆಂಬರ್, ಅಕ್ಟೋಬರ್. ಭರಣಿ ಮಳೆಗೆ ಒಂದಿಷ್ಟು ಹೊಸ ನೀರು ಬಂದರೂ ಸಾಕು, ಕೆಂಪು ನೀರು ಬರುವ ಕಾಲುವೆಯಲ್ಲಿ ಮೀನು ಎದುರು ಹತ್ತುತ್ತದೆ. ಗೆಂಡೆ, ಸಣ್ಣಪುಟ್ಟ ಮೀನು ಎಲ್ಲ ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ತೆಳು ನೀರಿಗೆ ನುಗ್ಗುತ್ತವೆ. ಹುಡುಗರು ಪಂಚೆ ಹಿಡಿದೇ ಬುಟ್ಟಿ ತುಂಬಿಸುತ್ತಿದ್ದರು. ನಾನೂ ಮಾಡಿದ್ದೇನೆ. ಆಗ ನಮ್ಮ ಅಜ್ಜಿ, "ಬಸುರಿ ಮೀನು ತಂದಿದ್ದೀಯಲ್ಲೋ" ಅಂತ ಬೈದು, ಬೈಯುತ್ತಲೇ ಸಾರು ಮಾಡಿದ್ದರು.

ಕೆರೆ ತುಂಬಿದ ಮೇಲೆ ಮೀನು ಹರಡಿಹೋಗುತ್ತದೆ, ಬಲೆಗೆ ಸಿಗುವುದು ಕಷ್ಟ. ಅದು ಗಾಳದ ಕಾಲ. ಗೆಂಡೆಗೆ ಎರೆಹುಳು, ರಾಗಿ ಹಿಟ್ಟಿನ ಉಂಡೆ. ಕೊರವಕ್ಕೆ ಜೀವಂತ ಕಪ್ಪೆಮರಿ. 1887ರಲ್ಲೇ ಮದರಾಸಿನ ಅಧಿಕಾರಿ ಎಚ್. ಎಸ್. ಥಾಮಸ್ ಎಂಬುವರು ಕೆರೆಯಲ್ಲಿ ಗಾಳ ಹಾಕುವುದರ ಮೇಲೆಯೇ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ನಮ್ಮವರು ಏರಿಯ ಮೇಲೆ ಕೂತು ಕಲಿತದ್ದನ್ನು ದೊರೆಗಳು ಅಚ್ಚು ಹಾಕಿಸಿದರು, ಅಷ್ಟೇ ವ್ಯತ್ಯಾಸ!

ಕೊರವದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇದು ಗಾಳಿ ಕುಡಿಯುವ ಮೀನು. ನೀರು ಇಂಗಿದರೂ ಒದ್ದೆ ಕೆಸರಿನಲ್ಲಿ ಅಡಗಿ ಬದುಕುತ್ತದೆ. ಮರಿಗಳು ಕೆಂಪಗೆ ಮುದ್ದೆಯಾಗಿ ನೀರಿನ ಮೇಲೆ ಓಡಾಡುತ್ತವೆ, ತಾಯಿತಂದೆ ಕೆಳಗೆ ಕಾವಲು. ಕೆಂಪು ಕಂಡ ಕಡೆ ಗಾಳ ಬಿಟ್ಟರೆ ದೊಡ್ಡ ಮೀನು ಸಿಟ್ಟಿನಿಂದಲೇ ಕಚ್ಚುತ್ತದೆ. ಸುಲಭದ ಬೇಟೆ. ಆದರೆ ಕಾಯುವವರು ಹೋದ ಗಳಿಗೆಯಲ್ಲೇ ಮರಿಗಳು ಬೇರೆ ಮೀನುಗಳ ಬಾಯಿಗೆ. ಅಮೆರಿಕ, ಕೆನಡಾದ ಸರೋವರಗಳಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನಿದೆ. ಅದರ ಗಂಡು ಕಲ್ಲುಮರಳಿನಲ್ಲಿ ಗೂಡು ಮಾಡಿ ಮೊಟ್ಟೆ ಕಾಯುತ್ತದೆ. ಆ ಕಾಲದಲ್ಲಿ ಅದನ್ನು ಹಿಡಿಯಬಾರದೆಂದು ಅಲ್ಲಿ ಹಲವು ಕಡೆ ಕಾನೂನು ಮಾಡಿದ್ದಾರೆ. ನಮ್ಮ ಕೊರವಕ್ಕೆ ಅಜ್ಜಿಯರ ಬೈಗುಳ ಬಿಟ್ಟರೆ ಬೇರೆ ಕಾಯಿದೆ ಇರಲಿಲ್ಲ.

ಇನ್ನು ಬೇಸಿಗೆ. ಗದ್ದೆಗೆ ತೂಬು ಬಿಟ್ಟೂ ಬಿಟ್ಟೂ ಮೊಣಕಾಲುದ್ದ ನೀರು ಉಳಿದಾಗ ಹಿರಿಯರು ಒಂದು ದಿನ ಗೊತ್ತು ಮಾಡಿ ತಮಟೆ ಸಾರಿಸುತ್ತಿದ್ದರು. ಅವತ್ತು ಬಲೆ, ತಳವಿಲ್ಲದ ಬಿದಿರು ಬುಟ್ಟಿ, ಹರಿದ ಸೀರೆ, ಯಾರ ಕೈಗೆ ಏನು ಸಿಕ್ಕಿತೋ ಅದನ್ನು ಹಿಡಿದು ಇಡೀ ಊರು ಕೆಸರಿಗೆ ಇಳಿಯುವುದು. ನೀರುಗಂಟಿಗೆ ಪಾಲು ತಪ್ಪುತ್ತಿರಲಿಲ್ಲ. ಎಲ್ಲರೂ ಸಮಾನವಾಗಿ ಇಳಿಯುತ್ತಿದ್ದರು ಅಂತ ಬರೆದರೆ ಸುಳ್ಳಾಗುತ್ತದೆ. ಯಾರು ಮೊದಲು, ಯಾರು ಆಮೇಲೆ ಅನ್ನುವುದರಲ್ಲಿ ಜಾತಿ ಇತ್ತು. ಅದನ್ನು ಮುಚ್ಚಿಟ್ಟು ಹಳೆಯ ಕಾಲ ಹೊಗಳುವುದು ಬೇಡ.

ಆಮೇಲೆ ಬಿತ್ತನೆ ಮೀನು ಬಂತು. ಕಾಟ್ಲಾ, ರೋಹು, ಮೃಗಾಲ್ ಉತ್ತರದ ದೊಡ್ಡ ನದಿಗಳವು, ನಿಂತ ಕೆರೆ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನೇ ಈಗ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಕೆರೆಗೆ ನೀರು ಬಂದಾಗ ಮರಿ ಬಿಡುವುದು, ಬೆಳೆದ ಮೇಲೆ ಬಲೆ ಎಳೆಯುವುದು ಅಂತ ಹೊಸ ಪಂಚಾಂಗವೇ ಶುರುವಾಯಿತು. ಮರಿಗೆ ದುಡ್ಡು ಹಾಕಿದ ಮೇಲೆ ಹರಾಜು, ಹರಾಜಾದ ಮೇಲೆ ಕಾವಲುಗಾರ. ಗಾಳ ಹಿಡಿದ ಹುಡುಗ ಕಳ್ಳನಾದ. 1952ರಲ್ಲಿ ದೇಶಕ್ಕೆ ಬಂದ ಜಿಲೇಬಿ ಮೀನು ಮಾತ್ರ ಯಾರ ಹರಾಜಿಗೂ ಕಾಯಲಿಲ್ಲ. ಬಾಯಲ್ಲೇ ಮೊಟ್ಟೆ ಇಟ್ಟುಕೊಂಡು ಮರಿ ಮಾಡಿ, ತುಂಬಿದ ಕಡೆಯೆಲ್ಲ ಅಂಗೈ ಅಗಲದ್ದೇ ಆಗಿ ನಿಂತಿತು.

ಅಷ್ಟರಲ್ಲಿ ನೀರೇ ಹೋಯಿತು. ಕಾಲುವೆ ಒತ್ತುವರಿ, ಹೂಳು, ಕೆರೆಯೊಳಗೆ ಜಾಲಿ, ದಿಣ್ಣೆಯಲ್ಲಿ ನೀಲಗಿರಿ, ಸಾವಿರ ಅಡಿ ಬೋರ್‌ವೆಲ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಮ್ಮ ಕೆರೆ ಅದಕ್ಕೂ ಮೊದಲೇ ಮುಚ್ಚಿದ ಹಾಗಿತ್ತು. ಮಕ್ಕಳು ಅದರೊಳಗೆ ಕ್ರಿಕೆಟ್ ಆಡುತ್ತಿದ್ದರು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಜಿಲ್ಲೆಗೆ ಬಂತು. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಿ ಮಾಡಿ 126 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಮೊದಲ ತಿಂಗಳುಗಳಲ್ಲಿ ನೊರೆ ಬಂದು ಕೋರ್ಟಿನವರೆಗೂ ಹೋಯಿತು. 2021ರ ನವೆಂಬರ್ ಮಳೆಗಂತೂ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು, ಜನ ಪೂಜೆ ಮಾಡಿ ಬಾಗಿನ ಬಿಟ್ಟರು. ಚರಂಡಿ ಮೂಲದ ನೀರಿನಲ್ಲಿ ಸತ್ವ ಜಾಸ್ತಿ, ಅದಕ್ಕೇ ಪಾಚಿ ಹಬ್ಬುತ್ತದೆ, ಮೀನೂ ಬೇಗ ಮೈ ತುಂಬುತ್ತದೆ. ಆದರೆ ರಾತ್ರಿಯೆಲ್ಲ ಆ ಪಾಚಿಯೂ ಉಸಿರಾಡಿ ಬೆಳಗಿನ ಜಾವಕ್ಕೆ ನೀರಿನ ಆಮ್ಲಜನಕ ಇಳಿದುಬಿಡುತ್ತದೆ. ಮೋಡ ಕವಿದ ದಿನಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ. ಅಂಥ ಬೆಳಿಗ್ಗೆ ಸುಲಭವಾಗಿ ಸಿಕ್ಕಿತೆಂದು ಖುಷಿಪಡುವ ಬದಲು ಗುತ್ತಿಗೆದಾರರಿಗೆ ತಿಳಿಸಬೇಕು. ಸತ್ತು ತೇಲಿದ ಮೀನನ್ನು ಮನೆಗೆ ತರಲೇಬಾರದು.

ಸಂಘದ ಸದಸ್ಯರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ಕೆರೆ ಹರಾಜಿನ ಮಾತು ಬಂದಾಗ ಕರಾರಿನಲ್ಲಿ ಎರಡು ಸಾಲು ಸೇರಿಸೋಣ: ಹೊಸ ನೀರು ಬಂದ ಹದಿನೈದು ದಿನ ಕಾಲುವೆಗೆ, ಕೋಡಿಗೆ ಅಡ್ಡ ಬಲೆ ಕಟ್ಟಬಾರದು, ಕೆಂಪು ಮರಿ ಕಂಡಲ್ಲಿ ಕೊರವ ಹಿಡಿಯಬಾರದು. ಕಾಟ್ಲಾ ಮರಿಯನ್ನು ದುಡ್ಡು ಕೊಟ್ಟು ತರಬಹುದು, ಗೆಂಡೆ, ಕೊರವ ಕೆರೆಯೇ ಕೊಡಬೇಕು. ಗುತ್ತಿಗೆದಾರರಿಗೂ ಇದರಲ್ಲಿ ದೊಡ್ಡ ನಷ್ಟವೇನೂ ಇಲ್ಲ.

ಮೊದಲು ನೀರಿಲ್ಲದೆ, ಈಗ ನೀರು ಬತ್ತದೆ, ಊರೆಲ್ಲ ಕೂಡಿ ಕೆಸರಿಗೆ ಇಳಿಯುವ ದಿನ ನಿಂತೇ ಹೋಗಿದೆ. ಕೊನೆಯ ಸಲ ಇಳಿದದ್ದು ಯಾವ ವರ್ಷ ಅಂತ ಮೊನ್ನೆ ಏರಿಯ ಮೇಲೆ ಕೂತು ನಾವು ನಾಲ್ವರು ಲೆಕ್ಕ ಹಾಕಿದೆವು. ನಾಲ್ವರೂ ಬೇರೆ ಬೇರೆ ಇಸವಿ ಹೇಳಿದರು.