441 ಜನರ ಪಾಲು: ಮಹಾವೀರಾಚಾರ್ಯನ 12345654321

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಭಾಗಾಹಾರ ಭಾಗದಲ್ಲಿ ಒಂದು ಪುಟ್ಟ ಲೆಕ್ಕವಿದೆ. 12345654321 ಹೊನ್ನನ್ನು 441 ಜನಕ್ಕೆ ಹಂಚಿದರೆ ಒಬ್ಬೊಬ್ಬನ ಪಾಲೆಷ್ಟು ಎಂದು ಗೆಳೆಯನನ್ನು ಕೇಳುವ ಲೆಕ್ಕ ಅದು. ಉತ್ತರ 27994681, ಶೇಷ ಸೊನ್ನೆ. ಇದನ್ನು ಅಂಕಿಗಳ ಚಮತ್ಕಾರವೆಂದು ಹೊಗಳಿ ಮುಂದೆ ಸಾಗುವುದು ಸುಲಭ. ಆದರೆ ಇದರ ಹಿಂದೆ ಅಪವರ್ತನಗಳ ಲೆಕ್ಕಾಚಾರವಿದೆ ಎಂಬುದು ನನ್ನ ವಾದ.

ಮೊದಲು, ಸಂಖ್ಯೆಯನ್ನು ಹೇಳಿದ ಬಗೆ. ಆಚಾರ್ಯ 24 ಸ್ಥಾನಗಳಿಗೆ ಹೆಸರಿಟ್ಟವನು. ಈ ಸಂಖ್ಯೆ ಅವುಗಳಲ್ಲಿ ಹನ್ನೊಂದನೆಯದಾದ ಅರ್ಬುದದವರೆಗೆ ಏರುತ್ತದೆ. ಆದರೂ ಇಲ್ಲಿ ಅವನು ಸ್ಥಾನಗಳ ಹೆಸರನ್ನು ಬಳಸುವುದಿಲ್ಲ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ ಎಂದಷ್ಟೇ ಸೂಚಿಸುತ್ತಾನೆ. ಭಾಜಕವನ್ನು ಮಾತ್ರ ಭೂತಸಂಖ್ಯೆಯಲ್ಲಿ, ಅಂದರೆ ಅಂಕಿಗಳ ಬದಲು ಪದಗಳನ್ನು ಬಳಸುವ ಬಗೆಯಲ್ಲಿ, ಹೇಳುತ್ತಾನೆ: ಚಂದ್ರ ಒಂದು, ಕಡಲು ನಾಲ್ಕು, ಬಂಧ ನಾಲ್ಕು. ಕರ್ಮಬಂಧ ನಾಲ್ಕು ಬಗೆ ಎಂದು ಬಲ್ಲ ಜೈನ ಓದುಗನಿಗೆ ಕೊನೆಯ ಪದ ತೊಡಕಾಗದು. ಭೂತಸಂಖ್ಯೆಯನ್ನು ಬಲದಿಂದ ಎಡಕ್ಕೆ ಬರೆಯಬೇಕು, ಆದ್ದರಿಂದ 441. ಭಾಜ್ಯಕ್ಕೆ ಈ ಎಚ್ಚರವೇ ಬೇಡ, ಯಾವ ಕಡೆಯಿಂದ ಓದಿದರೂ ಅದು ಒಂದೇ.

ಇನ್ನು ಒಳಗಿನ ರಚನೆ. 12345654321 ಎಂಬುದು 111111ರ ವರ್ಗ. 111111 = 3 × 7 × 11 × 13 × 37. ಐದೂ ಅವಿಭಾಜ್ಯಗಳು, ಯಾವುದೂ ಮರುಕಳಿಸುವುದಿಲ್ಲ; ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಬರುತ್ತದೆ. ಹಾಗಾಗಿ ದೊಡ್ಡ ಸಂಖ್ಯೆಗೆ ಒಟ್ಟು 243 ಭಾಜಕಗಳು. 441 ಎಂದರೆ 3 × 7ರ ವರ್ಗ. ಉಳಿದ 11 × 13 × 37 = 5291; ಅದರ ವರ್ಗವೇ ಒಬ್ಬನ ಪಾಲು 27994681.

ಆರಕ್ಕೇ ಏಕೆ ನಿಲ್ಲಿಸಿದ? ಐದಕ್ಕೆ ನಿಲ್ಲಿಸಿದರೆ 11111ರ ಅಪವರ್ತನಗಳು 41 ಮತ್ತು 271 ಮಾತ್ರ. ಏಳಕ್ಕೆ ಹೋದರೆ 1111111 = 239 × 4649; ಭಾಜಕವೂ ವರ್ಗವಾಗಿರಬೇಕೆಂದರೆ ಕನಿಷ್ಠ 57121 ಜನರನ್ನು ಕೂರಿಸಬೇಕು! ನಾಲ್ಕರಲ್ಲಿ 121 ಜನ ಸಿಗುತ್ತಾರೆ, ಆದರೆ 1234321 ತೀರ ಚಿಕ್ಕದು. ಸಂಖ್ಯೆ ದೊಡ್ಡದೂ ಭಾಜಕ ಹಿಡಿತಕ್ಕೆ ಸಿಗುವಂತಹುದೂ ಆಗಬೇಕಾದರೆ ಆರೇ ಸರಿಯಾದ ಜಾಗ.

ಇದು ಆಕಸ್ಮಿಕವಿದ್ದೀತೇ? ಗುಣಾಕಾರ ಭಾಗದ ಕಂಠಿಕೆಗಳು, ಅಂದರೆ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಗುಣಲಬ್ಧಗಳು, ಅಲ್ಲವೆನ್ನುತ್ತವೆ. 11011011 × 91 = 1002002001 ಎಂಬಲ್ಲಿ 91 ಎಂದರೆ 7 × 13; ಗುಣ್ಯದಲ್ಲಿ ಅಡಗಿರುವ 11 ಇದರೊಡನೆ ಸೇರಿ 1001 ಆಗುತ್ತದೆ. 142857143 × 7 = 1000000001 ಎಂಬುದೂ 1001 ಏಳರಿಂದ ಭಾಗವಾಗುವ ಗುಣದಿಂದಲೇ ಬಂದದ್ದು. 333333666667 × 33ರಲ್ಲಿ 3 ಮತ್ತು 11, 152207 × 73 = 11111111ರಲ್ಲಿ ಎಂಟು ಒಂದುಗಳು. ಬಹುಪಾಲು ಮತ್ತೆ ಮತ್ತೆ ಅದೇ 3, 7, 11, 13. ಆಚಾರ್ಯ ಫಲವನ್ನು ಮೊದಲು ಆರಿಸಿ, ಒಡೆದು, ಆಮೇಲೆ ಪ್ರಶ್ನೆ ಕಟ್ಟಿದ ಎಂಬ ನನ್ನ ಊಹೆಗೆ ಈ ಮರುಕಳಿಕೆಯೇ ಬಲವಾದ ಆಧಾರ.